ಹೊಲದ ಇಲಿಯ ವೈಜ್ಞಾನಿಕ ಹೆಸರಿನಲ್ಲಿ ನಮ್ಮ ಮಾತು ಸೇರಿದ್ದು ಹೇಗೆ? ಕಿತ್ತೂರಿನಲ್ಲಿ ಸೆರೆಯಾಗಿದ್ದ ಅಧಿಕಾರಿಯೊಬ್ಬರ ಕಥೆ

"ಪ್ರಾಣಿಗಳ ವೈಜ್ಞಾನಿಕ ಹೆಸರುಗಳೆಲ್ಲ ಲ್ಯಾಟಿನ್, ಗ್ರೀಕ್. ನಮ್ಮ ಭಾಷೆಗೂ ಅವಕ್ಕೂ ಸಂಬಂಧವೇ ಇಲ್ಲ." ಶಾಲೆಯಲ್ಲಿ ನಾವೆಲ್ಲ ಹೀಗೇ ತಿಳಿದುಕೊಂಡಿದ್ದೇವೆ. ಇದು ಅರ್ಧ ಮಾತ್ರ ನಿಜ. ಆ ಹೆಸರುಗಳನ್ನು ಕಟ್ಟುವ ವ್ಯಾಕರಣ ಲ್ಯಾಟಿನ್‌ನದು. ಆದರೆ ಒಳಗಿರುವ ಪದ ಯಾವ ಭಾಷೆಯದಾದರೂ ಆಗಬಹುದು. ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯ ಸುತ್ತ ಜೋಳ, ಮೆಕ್ಕೆಜೋಳ ಬೆಳೆಯುವ ರೈತರಿಗೆ ಇಲಿ ಕಾಟ ಹೊಸದಲ್ಲ. ಈ ಸೀಮೆಯ ಹೊಲ, ಬದು, ಪೊದೆಗಳಲ್ಲಿ ಬದುಕುವ ಮೂರು ಬಗೆಯ ಇಲಿಗಳ ವೈಜ್ಞಾನಿಕ ಹೆಸರಿನಲ್ಲಿ ಇಲ್ಲಿನ ಜನರ ಬಾಯಿಮಾತೇ ಕೂತಿದೆ.

ಅದು ಅಲ್ಲಿಗೆ ಸೇರಿದ್ದು ವಾಲ್ಟರ್ ಎಲಿಯಟ್ ಎಂಬ ಸ್ಕಾಟ್ಲೆಂಡ್ ಮೂಲದ ಅಧಿಕಾರಿಯಿಂದ. ಕಿತ್ತೂರು ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕವರಲ್ಲಿ ಅವರೂ ಒಬ್ಬರು. ಅವರು ಯಾರು, ಏನು ಮಾಡಿದರು, ಅದರಿಂದ ಇಂದಿನ ರೈತನಿಗೆ ಏನು ಉಪಯೋಗ? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳಬೇಕೆಂದರೆ

• ವಾಲ್ಟರ್ ಎಲಿಯಟ್ (1803–1887) ಕಂಪನಿ ಸರ್ಕಾರದ ಅಧಿಕಾರಿ. ಧಾರವಾಡ ಸೀಮೆಯಲ್ಲಿ ಸುಮಾರು ಹತ್ತು ವರ್ಷ ಇದ್ದರು.
• ಅವರು ಹಿಡಿಸಿದ ಇಲಿಗಳ ಮಾದರಿಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ತಲುಪಿದವು. ಅಲ್ಲಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಅವಕ್ಕೆ ಹೆಸರಿಟ್ಟರು.
• ಗುಲಾಂಡಿ, ಮೆತ್ತಾಡೆ, ಕೋಕ್ ಎಂಬ ಸ್ಥಳೀಯ ಹೆಸರುಗಳು ಹೀಗೆ ವಿಜ್ಞಾನಕ್ಕೆ ಸೇರಿದವು.
• 1826ರಲ್ಲಿ ಮುಂಗಾರು ಕೈಕೊಟ್ಟಾಗ ಇಲಿಗಳು ಹೊಲಗಳನ್ನೇ ಮುಗಿಸಿದ್ದನ್ನು ಎಲಿಯಟ್ ಕಣ್ಣಾರೆ ಕಂಡು ಬರೆದಿಟ್ಟರು. ಆ ಟಿಪ್ಪಣಿ ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಯಾರು ಈ ಎಲಿಯಟ್?

ಎಲಿಯಟ್ ಹುಟ್ಟಿದ್ದು 1803ರ ಜನವರಿ 16ರಂದು, ಎಡಿನ್‌ಬರೊದಲ್ಲಿ. ಈಸ್ಟ್ ಇಂಡಿಯಾ ಕಂಪನಿ ತನ್ನ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಓದಿದರು. 1821ರಲ್ಲಿ, ಇನ್ನೂ 18ರ ಹುಡುಗನಾಗಿದ್ದಾಗ ಮದ್ರಾಸಿಗೆ ಬಂದರು. ಸ್ವಲ್ಪ ಕಾಲದಲ್ಲೇ ಆಗ 'ದಕ್ಷಿಣ ಮರಾಠಾ ದೇಶ' ಎಂದು ಕರೆಯುತ್ತಿದ್ದ ಧಾರವಾಡ ಸೀಮೆಗೆ ನೇಮಕವಾದರು. ಹೆಸರಿನಲ್ಲಿ ಮರಾಠಾ ಎಂದಿದ್ದರೂ ಅದು ಕನ್ನಡ ನಾಡು.

ಅಲ್ಲಿ ಅವರು ಕಲೆಕ್ಟರ್ ಥ್ಯಾಕರೆಯ ಕೈಕೆಳಗಿನ ಸಹಾಯಕ. ಮುಂದೆ ನಡೆದದ್ದು ನಮಗೆಲ್ಲ ಗೊತ್ತಿರುವ ಇತಿಹಾಸ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತರು. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇನ್ನೊಬ್ಬ ಅಧಿಕಾರಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕರು. ಹಲವು ವಾರ ಸೆರೆಯಲ್ಲಿದ್ದರೂ ಇಬ್ಬರೂ ಜೀವಂತವಾಗಿ ಬಿಡುಗಡೆಯಾದರು. ಡಿಸೆಂಬರ್‌ನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಬೈಲಹೊಂಗಲದಲ್ಲಿ ಬಂಧನದಲ್ಲಿದ್ದಾಗಲೇ ಚೆನ್ನಮ್ಮ 1829ರಲ್ಲಿ ತೀರಿಕೊಂಡರು.

ಸೆರೆಯಿಂದ ಬಂದ ಎಲಿಯಟ್ ಊರಿಗೆ ಹೋಗಲಿಲ್ಲ. 1833ರವರೆಗೂ ಇದೇ ಸೀಮೆಯಲ್ಲಿ ಉಳಿದರು. ಕಂದಾಯದ ಕೆಲಸಕ್ಕೆ ಹಳ್ಳಿ ಹಳ್ಳಿ ತಿರುಗಬೇಕಿತ್ತು. ಹೋದಲ್ಲೆಲ್ಲ ಮೂರು ಕೆಲಸ ಮಾಡಿದರು: ಶಾಸನಗಳ ಪ್ರತಿ ಮಾಡಿಸುವುದು, ಹಳೆಯ ನಾಣ್ಯ ಕೂಡಿಸುವುದು, ಪ್ರಾಣಿ ಪಕ್ಷಿಗಳನ್ನು ಗಮನಿಸಿ ಬರೆಯುವುದು. ಅವರು ಮಾಡಿಸಿದ ಶಾಸನ ಪ್ರತಿಗಳ ಸಂಖ್ಯೆ 595. ಚಾಲುಕ್ಯರ ಇತಿಹಾಸವನ್ನು ಕ್ರಮವಾಗಿ ಜೋಡಿಸಿದ ಮೊದಲ ಬರಹಗಳಲ್ಲಿ ಅವರದೂ ಒಂದು. ಇಲ್ಲಿ ನಾವು ಮೂರನೆಯ ಕೆಲಸವನ್ನು ಮಾತ್ರ ನೋಡುತ್ತೇವೆ.

ಕೇಳಿ ಬರೆಯುವ ಅಭ್ಯಾಸ

ಆ ಕಾಲದ ಎಷ್ಟೋ ಬ್ರಿಟಿಷ್ ಅಧಿಕಾರಿಗಳಿಗೆ ಪ್ರಾಣಿ ಎಂದರೆ ಬೇಟೆ. ಎಲಿಯಟ್ ಕೂಡ ಬೇಟೆಯಾಡುತ್ತಿದ್ದರು. ಆದರೆ ಅವರು ಇಲಿ, ಬಾವಲಿಗಳಂಥ ಸಣ್ಣ ಜೀವಿಗಳನ್ನೂ ಬಿಡಲಿಲ್ಲ. ಪ್ರತಿ ಪ್ರಾಣಿಯ ಅಳತೆಯ ಜೊತೆಗೆ ಕನ್ನಡದಲ್ಲಿ, ಮರಾಠಿಯಲ್ಲಿ ಅದಕ್ಕೇನು ಹೆಸರು, ಅದನ್ನು ಹಿಡಿಯುವ ಜನ ಏನೆಂದು ಕರೆಯುತ್ತಾರೆ ಎಂಬುದನ್ನೂ ಬರೆದುಕೊಂಡರು.

ಇಲಿಗಳ ವಿಷಯದಲ್ಲಿ ಅವರಿಗೆ ಹೆಚ್ಚು ತಿಳಿಸಿದವರು ವಡ್ಡರ (ಭೋವಿ) ಸಮುದಾಯದವರು. ಕೆರೆ ತೋಡುವುದು, ಮಣ್ಣು ಹೊರುವುದು, ಕಲ್ಲು ಒಡೆಯುವುದು ಅವರ ಕಸುಬು. ನೆಲ ಅಗೆಯುವವರಿಗೆ ನೆಲದೊಳಗೆ ಯಾವ ಜೀವಿ ಎಲ್ಲಿರುತ್ತದೆ ಎಂದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರುವುದು ಸಹಜ. ಇಲಿಯ ಮಾಂಸ ಅವರ ಊಟದಲ್ಲೂ ಇತ್ತು. ದೊಡ್ಡ ಇಲಿಗಳು ಬಿಲದಲ್ಲಿ ಕೂಡಿಟ್ಟ ಧಾನ್ಯವನ್ನು ಅಗೆದು ತೆಗೆಯುವುದೂ ಅವರಿಗೆ ಗೊತ್ತಿತ್ತು.

ಹೀಗೆ ಕೂಡಿದ ಮಾಹಿತಿಯನ್ನು ಎಲಿಯಟ್ 1839ರಲ್ಲಿ ಮದ್ರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ, ದಕ್ಷಿಣ ಮರಾಠಾ ದೇಶದ ಸಸ್ತನಿಗಳ ಪಟ್ಟಿಯಾಗಿ ಪ್ರಕಟಿಸಿದರು. ಮುಂದೆ ಭಾರತದ ಸಸ್ತನಿಗಳ ಬಗ್ಗೆ ಪುಸ್ತಕ ಬರೆದ ಜೆರ್ಡನ್ ಇಲಿಗಳ ಭಾಗದಲ್ಲಿ ಎಲಿಯಟ್ ಮಾತುಗಳನ್ನೇ ಪುಟಗಟ್ಟಲೆ ಎತ್ತಿಕೊಂಡಿದ್ದಾರೆ.

ಮೂರು ಇಲಿ, ಮೂರು ಹೆಸರು

1. ಗುಲಾಂಡಿ. ವೈಜ್ಞಾನಿಕ ಹೆಸರು ಗೊಲುಂಡಾ ಎಲಿಯೊಟಿ. ಮೊದಲ ಪದ 'ಗುಲಾಂಡಿ' ಎಂಬ ಕನ್ನಡ ಹೆಸರಿನಿಂದ, ಎರಡನೆಯದು ಎಲಿಯಟ್ ಅವರಿಂದ ಬಂದಿದೆ. ಇದು ಪೊದೆಗಳಲ್ಲಿ ಬದುಕುವ ಇಲಿ. ಒಣ ಹುಲ್ಲನ್ನು ಒತ್ತಾಗಿ ಹೆಣೆದು, ಆರರಿಂದ ಒಂಬತ್ತು ಅಂಗುಲ ಅಗಲದ ಗುಂಡು ಗೂಡು ಮಾಡುತ್ತದೆ. ಪೊದೆಯ ಸುತ್ತ ಅದು ದಿನವೂ ಓಡಾಡುವ ಸಣ್ಣ ದಾರಿ ಸವೆದು ಕಾಣುತ್ತದೆ. ಬೆಳಿಗ್ಗೆ, ಸಂಜೆ ಮೇಯುತ್ತದೆ. ಬೇರೆ ಇಲಿಗಳಂತೆ ಚಂಗನೆ ಜಿಗಿಯುವುದಿಲ್ಲ, ನಡೆ ನಿಧಾನ. ಎಲಿಯಟ್ ಹೊಟ್ಟೆ ಕೊಯ್ದು ನೋಡಿದಾಗ ಸಿಕ್ಕಿದ್ದು ಗರಿಕೆ ಹುಲ್ಲಿನ ಬೇರು ಮಾತ್ರ.

2. ಮೆತ್ತಾಡೆ. ವೈಜ್ಞಾನಿಕ ಹೆಸರು ಮಿಲ್ಲಾರ್ಡಿಯಾ ಮೆಲ್ಟಾಡಾ. 'ಮೆತ್ತಾಡೆ' ಎಂಬುದು ವಡ್ಡರು ಹೇಳಿದ ಹೆಸರು. ಮೆತ್ತ ಎಂದರೆ ಕನ್ನಡದಲ್ಲೂ ತೆಲುಗಿನಲ್ಲೂ ಮೃದು. ಈ ಇಲಿಯ ಮೈಕೂದಲು ಮುಟ್ಟಿದರೆ ಹೆಸರಿನ ನಂಟು ತಿಳಿಯುತ್ತದೆ, ಅಷ್ಟು ನುಣುಪು. ಆದರೆ ಅಚ್ಚಾಗುವಾಗ ಒಂದು ಎಡವಟ್ಟಾಯಿತು. ಇಂಗ್ಲಿಷ್ ಕಾಗುಣಿತದಲ್ಲಿ ಎರಡು 'ಟಿ' ಬರಬೇಕಾದಲ್ಲಿ ಒಂದು 'ಎಲ್', ಒಂದು 'ಟಿ' ಬಿತ್ತು. ಮೆತ್ತಾಡೆ 'ಮೆಲ್ಟಾಡಾ' ಆಯಿತು. ಬ್ಲ್ಯಾನ್‌ಫರ್ಡ್ ಎಂಬ ವಿಜ್ಞಾನಿ ಮುಂದೆ ತಿದ್ದಿ ಬರೆದರೂ, ಮೊದಲು ಅಚ್ಚಾದ ರೂಪವೇ ಉಳಿದುಕೊಂಡಿದೆ. ಹೆಸರಿನ ಮೊದಲ ಭಾಗ 'ಮಿಲ್ಲಾರ್ಡಿಯಾ' 1911ರಲ್ಲಿ ಸೇರಿದ್ದು. ಅದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಮಿಲ್ಲಾರ್ಡ್ ಅವರ ನೆನಪಿಗೆ.

3. ಕೋಕ್. ಇದು ಹೊಲ ಗದ್ದೆಗಳಲ್ಲಿ ಆಳವಾಗಿ ಬಿಲ ತೋಡಿ ಧಾನ್ಯ ಕೂಡಿಡುವ ಹೆಗ್ಗಣ ಜಾತಿಯ ಇಲಿ. 'ಕೋಕ್' ಎಂಬ ಕನ್ನಡ ಹೆಸರನ್ನೇ ಗ್ರೇ ಹಾಗೆಯೇ ಇಟ್ಟರು. ಇಂದು ಅದು ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್ ಎಂಬ ಜಾತಿಯ ಒಂದು ಉಪಜಾತಿಯ ಹೆಸರು. 'ಬ್ಯಾಂಡಿಕೋಟಾ' ಕೂಡ ನಮ್ಮ ಕಡೆಯ ಪದವೇ: ತೆಲುಗಿನ 'ಪಂದಿಕೊಕ್ಕು', ಅಂದರೆ ಹಂದಿಯಂಥ ಇಲಿ. ಇಂಗ್ಲಿಷಿನ 'ಬ್ಯಾಂಡಿಕೂಟ್' ಹುಟ್ಟಿದ್ದೂ ಅಲ್ಲಿಂದಲೇ.

ಹೆಸರಿಟ್ಟವರು ಒಬ್ಬರು, ಕಂಡವರು ಇನ್ನೊಬ್ಬರು

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಈ ಇಲಿಗಳನ್ನು ಎಲಿಯಟ್ 'ಕಂಡುಹಿಡಿದರು' ಎನ್ನುವುದು ಸರಿಯಲ್ಲ. ರೈತರಿಗೂ ವಡ್ಡರಿಗೂ ಅವು ಮೊದಲೇ ಗೊತ್ತಿದ್ದವು, ಹೆಸರೂ ಇತ್ತು. ಎಲಿಯಟ್ ಮಾಡಿದ್ದು ಮಾದರಿ ಕೂಡಿಸಿದ್ದು, ವಿವರ ಬರೆದದ್ದು. ಹೆಸರನ್ನು ಪ್ರಕಟಿಸಿದ ಜಾನ್ ಎಡ್ವರ್ಡ್ ಗ್ರೇ ಭಾರತಕ್ಕೆ ಬಂದವರೇ ಅಲ್ಲ. 1840ರಿಂದ 1874ರವರೆಗೆ ಬ್ರಿಟಿಷ್ ಮ್ಯೂಸಿಯಂನ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಅವರು, ಪ್ರಪಂಚದ ಮೂಲೆ ಮೂಲೆಯಿಂದ ಬಂದ ಚರ್ಮ, ತಲೆಬುರುಡೆಗಳನ್ನು ಹೋಲಿಸಿ ಹೆಸರಿಡುತ್ತಿದ್ದರು.

ಹೊಸ ಜಾತಿಗೆ ಹೆಸರಿಡುವಾಗ ಯಾವ ಮಾದರಿಯನ್ನು ಆಧಾರವಾಗಿ ಇಟ್ಟುಕೊಂಡರೋ ಅದನ್ನು 'ಮೂಲಮಾದರಿ' ಎನ್ನುತ್ತಾರೆ. ಅದು ಸಿಕ್ಕ ಊರು 'ಮೂಲಸ್ಥಳ'. ಗೊಲುಂಡಾ ಎಲಿಯೊಟಿಯ ಮೂಲಸ್ಥಳ ಧಾರವಾಡ. ನೂರು ವರ್ಷದ ನಂತರ ಯಾರಿಗಾದರೂ "ಇದು ಅದೇ ಇಲಿಯೇ?" ಎಂಬ ಅನುಮಾನ ಬಂದರೆ, ಮ್ಯೂಸಿಯಂಗೆ ಹೋಗಿ ಹೋಲಿಸಿ ನೋಡಬಹುದು. ಈಗಂತೂ ಹಳೆಯ ಚರ್ಮದ ತುಣುಕಿನಿಂದಲೇ ಡಿಎನ್‌ಎ ತೆಗೆದು ಪರೀಕ್ಷಿಸಲು ಸಾಧ್ಯ. "ಸತ್ತ ಪ್ರಾಣಿಗಳನ್ನು ಮ್ಯೂಸಿಯಂನಲ್ಲಿ ಯಾಕೆ ಇಟ್ಟಿರುತ್ತಾರೆ, ಬರೀ ನೋಡುವುದಕ್ಕಾ?" ಎಂದು ಮಕ್ಕಳು ಕೇಳಿದರೆ ಇದೇ ಉತ್ತರ. ನೋಡಲು ಇಟ್ಟಿರುವುದು ಸ್ವಲ್ಪ. ಒಳಗಿನ ಕಪಾಟುಗಳಲ್ಲಿರುವ ಬಹುಪಾಲು ಇಂಥ ಸಾಕ್ಷಿಗಳು. ಊರು ಮತ್ತು ದಿನಾಂಕ ಬರೆದ ಚೀಟಿ ಇಲ್ಲದಿದ್ದರೆ ಆ ಚರ್ಮಕ್ಕೆ ಹೆಚ್ಚಿನ ಬೆಲೆ ಇಲ್ಲ.

1826: ಇಲಿಗಳು ಬೆಳೆ ತಿಂದ ವರ್ಷ

ಎಲಿಯಟ್ ಬರೆದದ್ದರಲ್ಲಿ ರೈತರು ತಪ್ಪದೆ ಓದಬೇಕಾದ ಭಾಗ ಮೆತ್ತಾಡೆ ಇಲಿಯದು.

ಈ ಇಲಿ ಹೊಲದಲ್ಲೇ ಬದುಕುತ್ತದೆ. ಜೋಡಿಯಾಗಿ ಅಥವಾ ಐದಾರರ ಗುಂಪಾಗಿ ಇರುತ್ತದೆ. ಆಳದ ಬಿಲ ತೋಡುವ ಗೋಜಿಗೆ ಹೋಗುವುದಿಲ್ಲ. ಗಿಡದ ಬುಡ, ಹೊಲದಲ್ಲಿ ಆರಿಸಿ ಹಾಕಿದ ಕಲ್ಲುಗುಡ್ಡೆ, ಕೋಕ್ ಬಿಟ್ಟುಹೋದ ಹಳೆ ಬಿಲ ಎಲ್ಲವೂ ಅದಕ್ಕೆ ಮನೆ. ಬೇಸಿಗೆಯಲ್ಲಿ ಎರೆಭೂಮಿ ಬಾಯಿ ಬಿಡುತ್ತದಲ್ಲ, ಆ ಬಿರುಕುಗಳಲ್ಲೂ ಸೇರಿಕೊಳ್ಳುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಎರೆಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಒಳಗಿದ್ದ ಇಲಿಗಳು ಪ್ರತಿ ವರ್ಷ ರಾಶಿ ರಾಶಿ ಸಾಯುತ್ತವೆ. ಅಂದರೆ ಮಳೆಯೇ ಅವುಗಳ ಲೆಕ್ಕವನ್ನು ಹಿಡಿತದಲ್ಲಿಡುತ್ತಿತ್ತು.

1826ರಲ್ಲಿ ಮುಂಗಾರಿನ ಆರಂಭದ ಮಳೆ ಸರಿಯಾಗಿ ಬೀಳಲಿಲ್ಲ. ಇಲಿಗಳು ಉಳಿದವು, ಮರಿ ಹಾಕಿದವು. ಒಂದು ಹೆಣ್ಣು ಒಂದು ಸಲಕ್ಕೆ ಆರರಿಂದ ಎಂಟು ಮರಿ ಹಾಕುತ್ತದೆ ಎಂದು ಎಲಿಯಟ್ ಲೆಕ್ಕ ಕೊಟ್ಟಿದ್ದಾರೆ. ಬಿತ್ತಿದ ಬೀಜ ಮೊಳೆಯುವ ಮೊದಲೇ ಅವು ತಿಂದವು. ಉಳಿದು ಬೆಳೆದ ಜೋಳದ ದಂಟು ಹತ್ತಿ ತೆನೆ ಕತ್ತರಿಸಿ ಬೀಳಿಸಿದವು. ಇಡೀ ಹೊಲಗಳೇ ಹಾಳಾದದ್ದನ್ನು ಎಲಿಯಟ್ ನೋಡಿದರು. ಎಷ್ಟೋ ರೈತರು ಕಂದಾಯ ಕಟ್ಟಲಾಗದ ಸ್ಥಿತಿಗೆ ಬಂದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಧಾನ್ಯ ಎಂದು ಮಾತಾಡಿ ರೈತರು ವಡ್ಡರನ್ನು ಕರೆಸಿದರು. ಅವರು ಸಾವಿರಾರು ಇಲಿ ಕೊಂದರು. ಆದರೂ ಇಲಿಗಳ ಸಂಖ್ಯೆ ಕಡಿಮೆಯಾದಂತೆ ಕಾಣಲಿಲ್ಲ.

ಇದನ್ನು ಬರೆದವರು ಕಂದಾಯ ವಸೂಲಿ ಮಾಡುವ ಸರ್ಕಾರದ ಅಧಿಕಾರಿಯೇ ಎಂಬುದನ್ನು ಮರೆಯಬಾರದು. ರೈತ ಕಂದಾಯ ಕಟ್ಟದಿರಲು ಕಾರಣ ಸೋಮಾರಿತನವಲ್ಲ, ಇಲಿ ಎಂದು ಆತನೇ ಸಾಕ್ಷಿ ಹೇಳಿದಂತಾಯಿತು.

ಹಾಗಾದರೆ ಇಲಿ ಹೆಚ್ಚಾದರೆ ಬರ ಬರುತ್ತದೆಯೇ?

ಇಲಿ ಹೆಚ್ಚಾಗುವುದು ಬರಗಾಲದ ಶಕುನ ಎಂದು ನಂಬುವವರಿದ್ದಾರೆ. ಎಲಿಯಟ್ ಟಿಪ್ಪಣಿ ತೋರಿಸುವುದು ಇದಕ್ಕೆ ತಿರುಗಾಮುರುಗಾ. ಇಲಿ ಬಂದದ್ದರಿಂದ ಮಳೆ ಹೋಗಲಿಲ್ಲ. ಮೊದಲ ಮಳೆ ಕೈಕೊಟ್ಟದ್ದರಿಂದ ಇಲಿ ಉಳಿಯಿತು. ಎರಡೂ ಒಟ್ಟಿಗೆ ಕಾಣುವುದರಿಂದ ಒಂದನ್ನು ಇನ್ನೊಂದರ ಮುನ್ಸೂಚನೆ ಎಂದು ತಪ್ಪು ತಿಳಿಯುವುದು ಸುಲಭ.

ಇದರಿಂದ ಕಲಿಯಬೇಕಾದ ಪಾಠ ಇಷ್ಟು:

• ಮುಂಗಾರು ತಡವಾದ ವರ್ಷ ಇಲಿಗಳ ಮೇಲೆ ಬಿತ್ತನೆಗೆ ಮೊದಲೇ ಕಣ್ಣಿಡಿ. ತೆನೆ ಬಂದ ಮೇಲೆ ಎಚ್ಚೆತ್ತರೆ ತಡವಾಗಿರುತ್ತದೆ.
• ಒಬ್ಬರೇ ತಮ್ಮ ಹೊಲದಲ್ಲಿ ಕೊಂದರೆ ಪಕ್ಕದ ಹೊಲದಿಂದ ಮತ್ತೆ ಬರುತ್ತವೆ. ಅಕ್ಕಪಕ್ಕದವರೆಲ್ಲ ಒಂದೇ ವಾರದಲ್ಲಿ ಕೂಡಿ ಮಾಡಬೇಕು.
• ಬದುವಿನ ಕಳೆ, ಹೊಲದ ನಡುವಿನ ಕಲ್ಲುಗುಡ್ಡೆ ಇವು ಅಡಗುತಾಣ. ಸಾಧ್ಯವಾದಷ್ಟು ತೆರವು ಮಾಡಿ.
• ಗೂಬೆ, ಕೇರೆ ಹಾವು ಕಂಡರೆ ಕೊಲ್ಲಬೇಡಿ. ಕೇರೆ ಹಾವಿಗೆ ವಿಷವಿಲ್ಲ. ಇಬ್ಬರೂ ಪುಕ್ಕಟೆ ಕಾವಲುಗಾರರು.
• ಇಲಿ ಪಾಷಾಣ ಬಳಸುವ ಮೊದಲು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಮಕ್ಕಳು, ನಾಯಿ, ಕೋಳಿಗಳಿಗೂ ಅದು ಅಪಾಯ.

ಡಾರ್ವಿನ್ ಪುಸ್ತಕದಲ್ಲೂ ಎಲಿಯಟ್ ಹೆಸರು

ಎಲಿಯಟ್ 1836ರಲ್ಲಿ ಮದ್ರಾಸ್ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ಅವರ ಖಾಸಗಿ ಕಾರ್ಯದರ್ಶಿಯಾಗಿ ಮತ್ತೆ ಭಾರತಕ್ಕೆ ಬಂದರು. 1845ರಲ್ಲಿ ಆಂಧ್ರದ ಅಮರಾವತಿ ಸ್ತೂಪದಲ್ಲಿ ಅಗೆಸಿ ಶಿಲ್ಪಗಳನ್ನು ಮದ್ರಾಸಿಗೆ ಸಾಗಿಸಿದರು. ಅವುಗಳಲ್ಲಿ ಬಹಳಷ್ಟು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನೆಲದ ಸಂಪತ್ತು ಹೀಗೆ ಹೊರಗೆ ಹೋದದ್ದರ ಬಗ್ಗೆ ಇಂದು ಪ್ರಶ್ನೆ ಎತ್ತುವವರಿದ್ದಾರೆ, ಅದು ನ್ಯಾಯವಾದ ಪ್ರಶ್ನೆಯೇ.

1859ರಲ್ಲಿ ತೆಲುಗು ಸೀಮೆಯ ಗಿಡಗಳ ಸ್ಥಳೀಯ ಹೆಸರುಗಳ ಪುಸ್ತಕ 'ಫ್ಲೋರಾ ಆಂಧ್ರಿಕಾ' ಪ್ರಕಟಿಸಿದರು. ಅದೇ ವರ್ಷ ಚಾರ್ಲ್ಸ್ ಡಾರ್ವಿನ್ ಅವರ ಪ್ರಸಿದ್ಧ ಪುಸ್ತಕ, ಜೀವಜಾತಿಗಳ ಹುಟ್ಟಿನ ಬಗೆಗಿನದು, ಹೊರಬಂತು. ಅದರ ಮೊದಲ ಅಧ್ಯಾಯದಲ್ಲೇ, ಭಾರತದಿಂದ ಪಾರಿವಾಳದ ಚರ್ಮಗಳನ್ನು ಕಳಿಸಿಕೊಟ್ಟದ್ದಕ್ಕಾಗಿ ಎಲಿಯಟ್ ಅವರನ್ನು ಡಾರ್ವಿನ್ ನೆನೆದಿದ್ದಾರೆ.

ಎಲಿಯಟ್ 1860ರಲ್ಲಿ ನಿವೃತ್ತರಾಗಿ ಸ್ಕಾಟ್ಲೆಂಡಿಗೆ ಮರಳಿದರು. ಕೊನೆಯ ವರ್ಷಗಳಲ್ಲಿ ಕಣ್ಣು ಕಾಣಿಸುತ್ತಿರಲಿಲ್ಲ. ಆದರೂ ದಕ್ಷಿಣ ಭಾರತದ ನಾಣ್ಯಗಳ ಬಗೆಗಿನ ಅವರ ಪುಸ್ತಕ 1886ರಲ್ಲಿ ಹೊರಬಂತು. 1887ರ ಮಾರ್ಚ್ 1ರಂದು ತೀರಿಕೊಂಡರು.

ವಿಜಯನಗರದ ಅಳಿಲು

ಎಲಿಯಟ್ ಓಡಾಡಿದ್ದು ಹೆಚ್ಚಾಗಿ ಧಾರವಾಡದ ಕಡೆ. ತಂಬ್ರಹಳ್ಳಿ ಇರುವ ಹಳೆಯ ಬಳ್ಳಾರಿ ಸೀಮೆಯ ಸರದಿ ಬಂದದ್ದು ಮುಂದಿನ ಶತಮಾನದಲ್ಲಿ. 1911ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೇಶದ ಸಸ್ತನಿಗಳ ಸಮೀಕ್ಷೆ ಶುರು ಮಾಡಿತು. ಸಂಬಳಕ್ಕೆ ನೇಮಿಸಿದ ಸಂಗ್ರಾಹಕರು ಊರೂರು ತಿರುಗಿ ಮಾದರಿ ಕೂಡಿಸಿದರು. ಧಾರವಾಡ, ಕೆನರಾ ಕಡೆ ಕೆಲಸ ಮಾಡಿದ ಗೈ ಶಾರ್ಟ್‌ರಿಜ್ ಮುಂದೆ ದಕ್ಷಿಣ ಆಫ್ರಿಕಾದ ಒಂದು ಮ್ಯೂಸಿಯಂನ ನಿರ್ದೇಶಕರಾಗಿ 1949ರಲ್ಲಿ ಸಾಯುವವರೆಗೂ ದುಡಿದರು.

1916ರಲ್ಲಿ ವ್ರಾಟನ್ ಎಂಬ ತಜ್ಞರು ಇಲ್ಲಿನ ಮೂರುಪಟ್ಟೆ ಅಳಿಲಿನ ಒಂದು ಉಪಜಾತಿಗೆ 'ಬೆಲ್ಲಾರಿಕಸ್' ಎಂದು ಹೆಸರಿಟ್ಟರು. ಅಂದರೆ ಬಳ್ಳಾರಿಯದು. ಮೂಲಸ್ಥಳ ಎಂದು ದಾಖಲಾದದ್ದು ಬಳ್ಳಾರಿಯ ವಿಜಯನಗರ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಆಯಿತು. ಅಳಿಲಿನ ಚೀಟಿಯಲ್ಲಿ ಮಾತ್ರ ಎರಡೂ ಹೆಸರು ಜೊತೆಯಲ್ಲೇ ಇವೆ.

ಉಳಿದ ಪ್ರಶ್ನೆ: ಹೇಳಿಕೊಟ್ಟವರು ಎಲ್ಲಿ?

ಗ್ರೇ, ಎಲಿಯಟ್, ಮಿಲ್ಲಾರ್ಡ್ ಎಲ್ಲರ ಹೆಸರೂ ದಾಖಲೆಯಲ್ಲಿದೆ. ಮೆತ್ತಾಡೆ ಎಂದು ಹೇಳಿಕೊಟ್ಟ ವಡ್ಡರ ಒಬ್ಬರ ಹೆಸರೂ ಇಲ್ಲ. ಬಿಸಿಲಲ್ಲಿ ನೆಲ ಅಗೆದು ಇಲಿ ಹಿಡಿದು ತಂದವರು, ಅದರ ನಡೆ, ಆಹಾರ ತಿಳಿಸಿದವರು ಅವರು. ಒಂದು ಸಮಾಧಾನ ಎಂದರೆ, ಎಲಿಯಟ್ ಅವರ ಮಾತನ್ನು ತಮ್ಮದೆಂದು ಬದಲಿಸಲಿಲ್ಲ. ಇದು ವಡ್ಡರು ಕರೆಯುವ ಹೆಸರು ಎಂದು ಬರೆದರು. ಅದರಿಂದಲೇ ಸುಮಾರು 190 ವರ್ಷದ ಬಳಿಕ ನಾವು ಇದನ್ನು ನಿಮಗೆ ಹೇಳಲು ಸಾಧ್ಯವಾಯಿತು.

ಇವತ್ತು ಬರೆದಿಡಲು ಕಂಪನಿ ಅಧಿಕಾರಿ ಬೇಕಿಲ್ಲ, ನಿಮ್ಮ ಕೈಯಲ್ಲಿರುವ ಫೋನ್ ಸಾಕು. ತಂಬ್ರಹಳ್ಳಿ ಇರುವ ತಾಲ್ಲೂಕಿನಲ್ಲೇ ಅಂಕಸಮುದ್ರ ಕೆರೆ ಇದೆ. ಅಲ್ಲಿ ಗೂಡು ಕಟ್ಟುವ ಹಕ್ಕಿಗಳಿಂದಾಗಿ ಅದು ಸಂರಕ್ಷಿತ ಪ್ರದೇಶವಾಯಿತು, 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಯಾವ ಹಕ್ಕಿ ಎಷ್ಟು, ಯಾವಾಗ ಎಂದು ಎಣಿಸಿ ಬರೆದಿಟ್ಟ ಲೆಕ್ಕ ಇಲ್ಲದಿದ್ದರೆ ಇಂಥ ಮನ್ನಣೆ ಯಾವ ಕೆರೆಗೂ ಸಿಗುವುದಿಲ್ಲ.

ಆದ್ದರಿಂದ ಮುಂದಿನ ಸಲ ಹೊಲದಲ್ಲಿ ಗುರುತಿಲ್ಲದ ಪ್ರಾಣಿ ಕಂಡರೆ, "ಅಪರೂಪದ ಪ್ರಾಣಿ, ಎಲ್ಲರಿಗೂ ಶೇರ್ ಮಾಡಿ" ಎಂದಷ್ಟೇ ಬರೆದು ಕಳಿಸಬೇಡಿ. ಫೋಟೊ ಜೊತೆ ಊರು, ದಿನಾಂಕ ಹಾಕಿ. ಮನೆಯ ಹಿರಿಯರನ್ನು ಕೇಳಿ, ಅವರು ಅದನ್ನು ಕರೆಯುವ ಹೆಸರನ್ನೂ ಸೇರಿಸಿ. ಹೇಳಿದವರ ಒಪ್ಪಿಗೆ ಇದ್ದರೆ ಅವರ ಹೆಸರನ್ನೂ ಬರೆಯಿರಿ. ಎಲಿಯಟ್ ಕಾಲದಲ್ಲಿ ತಪ್ಪಿಹೋದದ್ದು ಅದೊಂದೇ.